ಟ್ಯೂಬಿಂಗನ್ ಬಿಟ್ಟು ಬರುವುದಕ್ಕೆ ಮುಂಚೆ

ಜುಲೈ ಕೊನೆಯಲ್ಲಿ, ಜರ್ಮನಿಯ ವಿಶ್ವವಿದ್ಯಾಲಯದ ಊರಾದ ಟ್ಯೂಬಿಂಗನ್ನಿಗೆ ಎರಡು ಮುಖ. ನೆಕ್ಕಾರ್ ನದಿಯ ದಂಡೆಯಲ್ಲಿ ಉದ್ದನೆ ಗಳ ಊರಿ ಚಪ್ಪಟೆ ದೋಣಿ ನೂಕುವವರು, ಕವಿ ಹೋಲ್ಡರ್‌ಲಿನ್ ಹೆಸರಿನ ಗೋಪುರವನ್ನು ಹಿನ್ನೆಲೆಗಿಟ್ಟು ಫೋಟೊ ತೆಗೆಸಿಕೊಳ್ಳುವವರು. ಇದು ಪ್ರವಾಸಿಗಳ ಟ್ಯೂಬಿಂಗನ್. ಗುಡ್ಡದ ಮೇಲಿನ ಹಾಸ್ಟೆಲುಗಳಿಗೆ ಹೋದರೆ ಬೇರೆಯೇ ನೋಟ: ಬಕೆಟ್ಟು, ಒರೆಸುವ ಬಟ್ಟೆ, ಅರ್ಧ ತುಂಬಿದ ಸೂಟ್‌ಕೇಸು, ಬಾಗಿಲ ಹೊರಗೆ ‘ಬೇಕಾದವರು ಒಯ್ಯಿರಿ’ ಎಂದು ಬರೆದಿಟ್ಟ ಪೆಟ್ಟಿಗೆ. ಸೆಮಿಸ್ಟರ್ ಮುಗಿಸಿದ ಪರದೇಶಿ ವಿದ್ಯಾರ್ಥಿಗಳು ಊರಿಗೆ ಹೊರಟಿದ್ದಾರೆ.

ಜರ್ಮನಿಗೆ ಬರುವ ಕಷ್ಟವನ್ನು ಎಲ್ಲರೂ ಹೇಳುತ್ತಾರೆ, ಬಿಡುವ ಕೆಲಸದ ಸುದ್ದಿ ಯಾರೂ ಎತ್ತುವುದಿಲ್ಲ. ಹೊರಟುಹೋದ ಮಾತ್ರಕ್ಕೆ ಇಲ್ಲಿ ಏನೂ ಮುಗಿಯುವುದಿಲ್ಲ. ಬಾಡಿಗೆ, ವಿಮೆ, ಫೋನು ಎಲ್ಲವನ್ನೂ ಒಂದೊಂದಾಗಿ, ಬರವಣಿಗೆಯಲ್ಲಿ, ಕ್ರಮ ತಪ್ಪದಂತೆ ಮುಗಿಸಬೇಕು.

ಮೊದಲ ತೊಡಕು ಬಾಡಿಗೆಯದು. ಬೇಸಿಗೆ ಸೆಮಿಸ್ಟರಿನ ಪಾಠಗಳು ಜುಲೈಯಲ್ಲಿ ನಿಲ್ಲುತ್ತವೆ, ಆದರೆ ಕಾಗದದ ಮೇಲೆ ಸೆಮಿಸ್ಟರ್ ಇರುವುದು ಸೆಪ್ಟೆಂಬರ್ 30ರವರೆಗೆ. ಹಾಸ್ಟೆಲಿನ ಕರಾರೂ ಬಹಳ ಸಲ ಅಲ್ಲಿಯವರೆಗೇ ಇರುತ್ತದೆ. ಆಗಸ್ಟಿನಲ್ಲಿ ಹೊರಡುವವರು ಮಾಲೀಕರ ಒಪ್ಪಿಗೆ ಪಡೆದು ಉಳಿದ ಅವಧಿಗೆ ಬೇರೆಯವರನ್ನು ಹುಡುಕಬೇಕು, ಇಲ್ಲವೇ ಖಾಲಿ ಕೋಣೆಗೆ ಬಾಡಿಗೆ ಕಟ್ಟಬೇಕು. ಖಾಸಗಿ ಮನೆಯಲ್ಲಿ ಅವಧಿ ಗೊತ್ತುಮಾಡದ ಕರಾರಾದರೆ ಮೂರು ತಿಂಗಳ ನೋಟಿಸು. ತಿಂಗಳ ಮೂರನೇ ಕೆಲಸದ ದಿನದೊಳಗೆ ಪತ್ರ ತಲುಪಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಕೈಯಿಂದ ಸಹಿ ಹಾಕಿದ ಕಾಗದವೇ ಬೇಕು, ಇಮೇಲ್ ನಡೆಯುವುದಿಲ್ಲ.

ಇನ್ನು ಕೋಣೆ ಒಪ್ಪಿಸುವುದು. ಟ್ಯೂಬಿಂಗನ್ ಇರುವುದು ಶ್ವಾಬಿಯಾ ಸೀಮೆಯಲ್ಲಿ. ಮೆಟ್ಟಿಲು ಗುಡಿಸುವ ಸರದಿ ಯಾರದೆಂದು ಬಾಗಿಲಿಗೆ ಫಲಕ ತೂಗುಹಾಕುವ ಸೀಮೆ ಇದು. ಇಲ್ಲಿ ‘ಗುಡಿಸಿ ಕೊಟ್ಟರೆ ಸಾಕು’ ಎಂದು ಕರಾರು ಹೇಳಿದರೂ, ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಅಷ್ಟಕ್ಕೇ ಬಿಡುವವರಲ್ಲ. ಒಂದು ಕೋಣೆಯ ಒಪ್ಪಿಸುವಿಕೆಯನ್ನು ಬಾಗಿಲಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

‘ಕಿಟಕಿ ಒರೆಸಿದ್ದೇನೆ’ ಎಂದಳು ಕೋಣೆ ಬಿಡುತ್ತಿದ್ದ ಹುಡುಗಿ.

‘ಗಾಜು ಒರೆಸಿದ್ದೀರಿ’ ಎಂದು ಹೌಸ್‌ಮೈಸ್ಟರ್ ಕಿಟಕಿ ತೆರೆದು, ಚೌಕಟ್ಟಿನ ರಬ್ಬರಿನ ಮೇಲೆ ಬೆರಳಾಡಿಸಿ ತೋರಿಸಿದರು. ಕಪ್ಪು ಬೂಷ್ಟು. ‘ಚಳಿಗಾಲದಲ್ಲಿ ಕಿಟಕಿ ತೆರೆಯುತ್ತಿರಲಿಲ್ಲ, ಅಲ್ಲವೇ?’

‘ಚಳಿಯಿತ್ತು.’

‘ಪೂರ್ತಿ ತೆರೆದು ಐದು ನಿಮಿಷ. ಆಮೇಲೆ ಮುಚ್ಚುವುದು. ದಿನವಿಡೀ ಸ್ವಲ್ಪವೇ ತೆರೆದಿಟ್ಟರೆ ಗೋಡೆ ತಣ್ಣಗಾಗುತ್ತದೆ, ತೇವ ಅಲ್ಲೇ ಕೂರುತ್ತದೆ.’

ಹುಡುಗಿ ಬಟ್ಟೆ ತಂದು ಒರೆಸಿದಳು. ಅವರು ಕಾದರು. ಆಮೇಲೆ ಮೇಜಿನ ಮೇಲಿನ ಉದ್ದ ಗೀರು.

‘ನಾನು ಬಂದಾಗಲೇ ಇತ್ತು.’

‘ಪಟ್ಟಿಯಲ್ಲಿ ಇದೆಯೇ?’

ಅವಳು ಫೈಲಿನಿಂದ, ಒಳಬಂದ ದಿನ ಇಬ್ಬರೂ ಸಹಿ ಹಾಕಿದ್ದ ಕಾಗದ ತೆಗೆದಳು. ನಾಲ್ಕನೇ ಸಾಲು: ಮೇಜು, ಗೀರು. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಅಲ್ಲಿಗೆ ಆ ಮಾತು ಮುಗಿಯಿತು. ಆ ಕಾಗದ ಇಲ್ಲದಿದ್ದರೆ ಮೇಜಿನ ಖರ್ಚು ಡೆಪಾಸಿಟ್ಟಿನಲ್ಲಿ ಮುರಿಯುತ್ತಿತ್ತು. ಸಿಡುಕೂ ಇಲ್ಲ, ಸಲಿಗೆಯೂ ಇಲ್ಲ. ಇಂಥ ನ್ಯಾಯ ಕೆಲವರಿಗೆ ಒಣಕಲಾಗಿ ಕಾಣಬಹುದು, ಆದರೆ ಬಾಯಿಮಾತಿನ ‘ಆಮೇಲೆ ನೋಡೋಣ’ಕ್ಕಿಂತ ಎಷ್ಟೋ ವಾಸಿ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ನಾಲ್ಕೈದು ಜಾಗಗಳಲ್ಲಿ. ಗಡಸು ನೀರಿನಿಂದ ನಲ್ಲಿ, ಶವರಿನ ಸುತ್ತ ಬಿಳಿ ಉಪ್ಪು ಕಟ್ಟಿರುತ್ತದೆ. ಒಂದು ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿ, ಬಟ್ಟೆ ನೆನೆಸಿ ಸುತ್ತಿ, ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಹೋಗುತ್ತದೆ. ಬಿಸಿನೀರು ಬೇಡ. ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ, ಕರಗದ ಇನ್ನೊಂದು ಪೊರೆ ಕೂರುತ್ತದೆ. ಅಮೃತಶಿಲೆಯ ಮೇಲೆ ಇದನ್ನು ಹಾಕಬಾರದು, ಕ್ಲೋರಿನ್ ಇರುವ ಬ್ಲೀಚಿನ ಜೊತೆ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಫ್ರಿಜ್ಜಿನ ಐಸ್ ಕರಗಲು ಒಂದು ರಾತ್ರಿ ಬೇಕು, ಸ್ವಿಚ್ ಆರಿಸಿ, ಕೆಳಗೆ ಟವೆಲ್ ಹಾಸಿ, ಬಾಗಿಲು ತೆರೆದಿಡಿ. ಚಾಕು ಹಾಕಿ ಕೆತ್ತಿದವರು ಕೊಳವೆ ತೂತು ಮಾಡಿ ಫ್ರಿಜ್ಜಿನ ಬೆಲೆಯನ್ನೇ ಕೊಡಬೇಕಾಗುತ್ತದೆ. ಮೊಳೆಯ ತೂತಿಗೆ ಟೂತ್‌ಪೇಸ್ಟ್ ತುಂಬುವ ಹಳೇ ಉಪಾಯ ಒಣಗಿದ ಮೇಲೆ ಬಿರುಕು ಬಿಟ್ಟು ಗುಟ್ಟು ರಟ್ಟಾಗುತ್ತದೆ. ಸಣ್ಣ ಪುಟ್ಟಿ ಟ್ಯೂಬ್ ಕೊಂಡರೆ ಆಯಿತು. ಕೀಲಿಕೈಗಳನ್ನು ಎಣಿಸಿ ಕೊಡಿ. ಕಟ್ಟಡಕ್ಕೆಲ್ಲ ಒಂದೇ ಬೀಗವ್ಯವಸ್ಥೆಯಿದ್ದರೆ, ಕಳೆದ ಒಂದು ಕೀಲಿಕೈಗೆ ಹಲವು ಬೀಗಗಳ ಖರ್ಚು ತಲೆಗೆ ಬರಬಹುದು. ವಿದ್ಯುತ್ ಮೀಟರು ಬೇರೆಯಿದ್ದರೆ ಅದರ ಅಂಕಿಯ ಫೋಟೊ ತೆಗೆಯಿರಿ.

ಕೋಣೆಯಾದ ಮೇಲೆ ನಗರಸಭೆಯ ಕಚೇರಿಯಲ್ಲಿ ವಿಳಾಸ ತೆಗೆಸುವ ಅಬ್‌ಮೆಲ್ಡುಂಗ್. ಮನೆ ಬಿಡುವ ಒಂದು ವಾರ ಮುಂಚೆಯಿಂದ, ಬಿಟ್ಟ ಎರಡು ವಾರದೊಳಗೆ ಮಾಡಬೇಕು. ಅದಕ್ಕೂ ಮುಂಚೆ ಹೋದರೆ ವಾಪಸು ಕಳಿಸುತ್ತಾರೆ. ಕೊಡುವ ಚೀಟಿಯನ್ನು ಜೋಪಾನ ಮಾಡಿ. ವಿಮೆಯವರು, ಫೋನಿನವರು ಎಲ್ಲರೂ ಕೇಳುವುದು ಅದನ್ನೇ. ತಿಂಗಳಿಗೆ 18.36 ಯೂರೊದ ರೇಡಿಯೊ-ಟಿವಿ ಶುಲ್ಕ ಇದರಿಂದ ತಾನಾಗಿ ನಿಲ್ಲುವುದಿಲ್ಲ, ಬೇರೆಯಾಗಿ ಬರೆದು ನಿಲ್ಲಿಸಬೇಕು. ಆರೋಗ್ಯ ವಿಮೆಗೆ ತಿಳಿಸದೆ ಹೋದರೆ ಕಂತು ಏರುತ್ತಲೇ ಇರುತ್ತದೆ.

ಬ್ಯಾಂಕ್ ಖಾತೆ ಮಾತ್ರ ಕಟ್ಟಕಡೆಗೆ. ವಿಮಾನ ಹತ್ತುವ ಮೊದಲೇ ಖಾತೆ ಮುಚ್ಚಿ ನಿರಾಳವಾದವರಿಗೆ ಕಾದಿರುವ ಫಜೀತಿ ಹೇಳತೀರದು. ಲೆಕ್ಕ ನೋಡಿ ಡೆಪಾಸಿಟ್ಟು ಹಿಂದಿರುಗಿಸಲು ಮಾಲೀಕರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಹಣ ಮುಚ್ಚಿದ ಖಾತೆಗೆ ಹೋಗಿ ತಿರುಗಿ ಬರುತ್ತದೆ, ಆಮೇಲೆ ಇಂಡಿಯಾದ ಖಾತೆಗೆ ಕಳಿಸಿ ಎಂದು ಇಮೇಲ್ ಮೇಲೆ ಇಮೇಲ್, ಕೊನೆಗೆ ನಡುವಿನ ಬ್ಯಾಂಕುಗಳು ಕಮಿಷನ್ ಮುರಿದುಕೊಂಡು ಕೊಡುತ್ತವೆ. ಡೆಪಾಸಿಟ್ಟು ಬರುವವರೆಗೆ ಖಾತೆ ಇರಲಿ, ಬ್ಯಾಂಕಿಗೆ ಊರಿನ ವಿಳಾಸ ಕೊಡಿ, ಆನ್‌ಲೈನ್ ಸಂಕೇತ ಬರುವ ಫೋನ್ ನಂಬರು ಜರ್ಮನ್ ಸಿಮ್ಮಿನದಾಗಿದ್ದರೆ ಇಲ್ಲಿರುವಾಗಲೇ ಬದಲಿಸಿ. ವೀಸಾಕ್ಕೆಂದು ತೆರೆದ, ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ತಡೆಖಾತೆಯಲ್ಲಿ ಹಣ ಉಳಿದಿದ್ದರೆ ಯಾವ ಪುರಾವೆ ಬೇಕೆಂದು ಹೊರಡುವ ಮೊದಲೇ ಕೇಳಿಕೊಳ್ಳಿ, ಪ್ರತಿ ಬ್ಯಾಂಕಿನ ಪಟ್ಟಿ ಬೇರೆ.

ವಿಶ್ವವಿದ್ಯಾಲಯದ ಕೆಲಸ ಇದಕ್ಕಿಂತ ಹಗುರ. ಎಷ್ಟು ದಿನ ಇದ್ದಿರೆಂಬ ದೃಢೀಕರಣ ಪತ್ರಕ್ಕೆ ಸಹಿ, ಮೆಸ್ಸಿನ ಕಾರ್ಡಿನಲ್ಲಿ ಉಳಿದ ಹಣ, ಅಂಕಪಟ್ಟಿ. ಇಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆ, 5.0 ಫೇಲು. ಊರಿನ ಕಾಲೇಜಿಗೆ ಇದನ್ನು ತಿಳಿಸಿ ಹೇಳದಿದ್ದರೆ ಪಟ್ಟಿ ತಲೆಕೆಳಗಾಗಿ ಓದಿಸಿಕೊಳ್ಳುತ್ತದೆ. ಅಂಕಗಳು ತಡವಾಗಿ ಬರುವುದರಿಂದ ವಿಶ್ವವಿದ್ಯಾಲಯದ ಲಾಗಿನ್ ಯಾವಾಗ ನಿಲ್ಲುತ್ತದೆಂದು ನೋಡಿಕೊಳ್ಳಿ.

ಗ್ರಂಥಾಲಯದ ಕಾರ್ಡ್ ಕೊಡುವ ಮೊದಲು ಕನ್ನಡದವರು ಅಲ್ಲಿ ಒಂದು ಮಧ್ಯಾಹ್ನ ಕೂರಬೇಕು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ, 1903ರಲ್ಲಿ. ದೋಣಿ ವಿಹಾರಕ್ಕೆ ಸರದಿ ನಿಲ್ಲುವುದಕ್ಕಿಂತ ಇದು ಮೇಲು.

ಸಾಮಾನು ಕಟ್ಟುವಾಗ ಕಾಗದದ ತೂಕ ಮರೆಯಬೇಡಿ: ಎ4 ಹಾಳೆ ಒಂದಕ್ಕೆ 5 ಗ್ರಾಂ, ಇನ್ನೂರು ಹಾಳೆ ನೋಟ್ಸಿಗೆ ಒಂದು ಕಿಲೊ. ಸ್ಕ್ಯಾನ್ ಮಾಡಿ ಬಿಸಾಡಿ. ಅಸಲಿ ದಾಖಲೆಗಳೂ ಪವರ್ ಬ್ಯಾಂಕೂ ಕೈಚೀಲದಲ್ಲೇ ಇರಲಿ. ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಬಹುಪಾಲಕ್ಕೆ 25 ಸೆಂಟ್ ಸಿಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಆದ್ದರಿಂದ ಶನಿವಾರವೇ ಮುಗಿಸಿ. ಫ್ರಾಂಕ್‌ಫರ್ಟಿನಿಂದ ವಿಮಾನವಾದರೆ ಸ್ಟುಟ್‌ಗಾರ್ಟಿನಲ್ಲಿ ರೈಲು ಬದಲಿಸುವುದು ಸಾಮಾನ್ಯ. ತಪ್ಪಿಹೋದರೂ ಇನ್ನೊಂದು ರೈಲಿಗೆ ಸಮಯ ಉಳಿಯುವಂತೆ ಹೊರಡಿ. ಆಮ್‌ಸ್ಟರ್‌ಡ್ಯಾಮ್ ಮೂಲಕ ಹಾರುವವರ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುತ್ತದೆ. ವೀಸಾ ಕೊನೆಯ ದಿನವನ್ನು ಲೆಕ್ಕ ಹಾಕುವಾಗ ಆ ನಿಲ್ದಾಣದ ಗಡಿಯಾರವನ್ನು ಹಿಡಿದು ಲೆಕ್ಕ ಹಾಕಿ.