ಆನ್ ಆರ್ಬರಿನ ಶನಿವಾರಗಳು ಮತ್ತು ಕೋಚ್ ಜಿಮ್ ಹಾರ್ಬಾ

ಆನ್ ಆರ್ಬರಿನಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಶನಿವಾರ ದಿನಸಿ ತರಲು ಹೊರಡುವ ಮುನ್ನ, ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯ ಊರಿನಲ್ಲೇ ಇದೆಯೇ ಎಂದು ನೋಡಿಕೊಳ್ಳಬೇಕು. ಪಂದ್ಯವಿದ್ದರೆ ಕ್ರೀಡಾಂಗಣದ ಸುತ್ತಲಿನ ಮನೆಗಳವರು ತಮ್ಮ ಅಂಗಳದ ಹುಲ್ಲಿನ ಮೇಲೆಯೇ ಕಾರು ನಿಲ್ಲಿಸಲು ಬಾಡಿಗೆಗೆ ಜಾಗ ಕೊಡುತ್ತಾರೆ, ಬೀದಿಯೆಲ್ಲ ಹಳದಿ ಮತ್ತು ನೀಲಿ ಬಣ್ಣಗಳಿಂದ ತುಂಬುತ್ತದೆ. ಆ ಹಳದಿಗೆ ಇಲ್ಲಿಯವರ ಹೆಸರು ‘ಮೇಯ್ಜ್’, ಅಂದರೆ ನಮ್ಮ ಮೆಕ್ಕೆಜೋಳ. ದಾವಣಗೆರೆಯ ಕಡೆಯವನಾದ ನನಗೆ ಅದನ್ನು ಕಂಡಾಗಲೆಲ್ಲ ಸುಗ್ಗಿಯಲ್ಲಿ ರಸ್ತೆಯ ಬದಿಗೆ ಒಣಹಾಕಿದ ಕಾಳಿನ ರಾಶಿಯೇ ಕಣ್ಣೆದುರು ಬರುತ್ತದೆ. ಕ್ರೀಡಾಂಗಣ 1,07,601 ಆಸನಗಳದ್ದು. ಅದರ ಬಹುಭಾಗವನ್ನು ನೆಲ ಅಗೆದು ಕೆಳಗೆ ಕಟ್ಟಿರುವುದರಿಂದ ಒಳಗೆ ಕಾಲಿಟ್ಟಾಗ ದೊಡ್ಡ ಕಲ್ಯಾಣಿಯೊಂದರ ಮೇಲಿನ ಮೆಟ್ಟಿಲಲ್ಲಿ ನಿಂತಂತೆ ಭಾಸವಾಗುತ್ತದೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಆ ಕಾಲೇಜಿನವರು ಮಾತ್ರ ಬಲ್ಲರು. ಅಮೆರಿಕದಲ್ಲಾದರೋ ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಹೆಚ್ಚು ಪಡೆಯುವವರು ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಈ ಊರಿನಲ್ಲಿ 2015ರಿಂದ 2023ರವರೆಗೆ ಆ ಸ್ಥಾನದಲ್ಲಿದ್ದ ಜಿಮ್ ಹಾರ್ಬಾ ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹಾರ್ಬಾ ಈ ಊರಿಗೆ ಹೊಸಬರಾಗಿ ಬಂದವರಲ್ಲ. ಅವರ ತಂದೆ ಜ್ಯಾಕ್ 1970ರ ದಶಕದಲ್ಲಿ ಇಲ್ಲಿಯ ಹೆಸರಾಂತ ಕೋಚ್ ಬೋ ಷೆಂಬೆಕ್ಲರ್ ಅವರ ಸಹಾಯಕರಾಗಿದ್ದರು. ಒಂಬತ್ತು ಹತ್ತು ವರ್ಷದ ಹುಡುಗನಾಗಿದ್ದಾಗ ಷೆಂಬೆಕ್ಲರ್ ಅವರ ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ಕಾಲು ಚಾಚಿಕೊಂಡಿದ್ದಾಗಲೇ ಅವರ ಕೈಗೆ ಸಿಕ್ಕಿಬಿದ್ದದ್ದನ್ನು ಹಾರ್ಬಾ ತಾವೇ ಹೇಳಿಕೊಂಡಿದ್ದಾರೆ. ಮುಂದೆ ಅದೇ ಷೆಂಬೆಕ್ಲರ್ ಅವರ ಕೈಕೆಳಗೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು. ದಾಳಿಯ ಪ್ರತಿ ಹೆಜ್ಜೆಯನ್ನೂ ಆರಂಭಿಸುವ ಆಟಗಾರನೆಂದರೆ ಆತನೇ. 1984ರಲ್ಲಿ ತೋಳು ಮುರಿಯಿತು. 1986ರಲ್ಲಿ ಕಡುವೈರಿ ಒಹಾಯೊ ಸ್ಟೇಟ್ ತಂಡವನ್ನು ಗೆದ್ದೇ ಗೆಲ್ಲುತ್ತೇವೆಂದು ಮೊದಲೇ ಸಾರಿ, 26–24ರಿಂದ ಗೆದ್ದು ತೋರಿಸಿದರು. 1987ರಿಂದ ವೃತ್ತಿಪರ ಲೀಗಿನಲ್ಲಿ ಶಿಕಾಗೊ, ಇಂಡಿಯಾನಾಪೊಲಿಸ್ ಮೊದಲಾದ ತಂಡಗಳಿಗೆ ಆಡಿದರು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಭಾಗ ಇದರ ನಡುವೆಯೇ ಇದೆ. ತಂದೆ ಜ್ಯಾಕ್ ಆಗ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯದ ಕೋಚ್. ಹಣದ ಮುಗ್ಗಟ್ಟಿನಿಂದ ಅಲ್ಲಿಯ ಫುಟ್‌ಬಾಲ್ ತಂಡವೇ ಮುಚ್ಚಿಹೋಗುವ ಸ್ಥಿತಿಗೆ ಬಂದಿತ್ತು. ರಾಷ್ಟ್ರೀಯ ಲೀಗಿನ ತಾರೆಯಾಗಿದ್ದ ಮಗ 1994ರಿಂದ ಒಂದು ಡಾಲರ್ ಸಂಬಳವೂ ಇಲ್ಲದೆ ಅಪ್ಪನ ಸಹಾಯಕ ಕೋಚ್ ಆಗಿ ನಿಂತರು. ತಮ್ಮ ಆಟಕ್ಕೆ ಬಿಡುವಿದ್ದಾಗ ರಾಜ್ಯದಿಂದ ರಾಜ್ಯಕ್ಕೆ ತಿರುಗಿ, ಪ್ರೌಢಶಾಲೆಯ ಹುಡುಗರನ್ನೂ ಅವರ ತಂದೆತಾಯಿಯರನ್ನೂ ಕಂಡು ತಂಡಕ್ಕೆ ಒಪ್ಪಿಸಿದರು. ಹಾಗೆ ಕರೆತಂದ ಹುಡುಗರಲ್ಲಿ ಹಲವರು 2002ರಲ್ಲಿ ಜ್ಯಾಕ್ ಅವರ ತಂಡ ತನ್ನ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಅದರಲ್ಲಿದ್ದರು. ನಮ್ಮಲ್ಲಿ ಸಂಗೀತಗಾರರ ಮಕ್ಕಳು ತಂದೆಯ ಹಿಂದೆ ಕುಳಿತು ತಂಬೂರಿ ಮೀಟುತ್ತಲೇ ವಿದ್ಯೆ ಕಲಿಯುವುದಿಲ್ಲವೇ, ಇದೂ ಹಾಗೆಯೇ ಎಂದು ನನಗೆ ತೋರುತ್ತದೆ.

ಆಟ ನಿಲ್ಲಿಸಿದ ಮೇಲೂ ಅವರು ದೊಡ್ಡ ಹುದ್ದೆಗೆ ಹಾರಲಿಲ್ಲ. ಓಕ್‌ಲ್ಯಾಂಡಿನ ವೃತ್ತಿಪರ ತಂಡದಲ್ಲಿ ಎರಡು ವರ್ಷ ಸಹಾಯಕರಾಗಿದ್ದು, 2004ರಲ್ಲಿ ಆಟಗಾರರಿಗೆ ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯಕ್ಕೆ ಹೋದರು; ಮೂರು ವರ್ಷಗಳಲ್ಲಿ 29 ಗೆಲುವು, ಆರೇ ಸೋಲು. ಬಳಿಕ ಹಿಂದಿನ ವರ್ಷ ಒಂದೇ ಪಂದ್ಯ ಗೆದ್ದಿದ್ದ ಸ್ಟ್ಯಾನ್‌ಫರ್ಡ್ ತಂಡವನ್ನು ಕೈಗೆತ್ತಿಕೊಂಡು, 2010ರಲ್ಲಿ ಹನ್ನೆರಡು ಪಂದ್ಯ ಗೆಲ್ಲಿಸಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದ ವೃತ್ತಿಪರ ತಂಡದೊಂದಿಗೆ 2013ರ ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗಿನ ಫೈನಲ್, ತಲುಪಿದಾಗ ಎದುರಾಳಿ ಕೋಚ್ ಸ್ವಂತ ಅಣ್ಣ ಜಾನ್, ಅಣ್ಣನೇ ಗೆದ್ದ.

ಮಿಷಿಗನ್‌ಗೆ ಮರಳಿದ ಮೇಲೆ ಒಹಾಯೊ ಸ್ಟೇಟ್ ಎದುರು ಮೊದಲ ಐದೂ ಪಂದ್ಯ ಸೋತರು. 2020ರಲ್ಲಿ ಎರಡು ಗೆಲುವು, ನಾಲ್ಕು ಸೋಲು; ವಿಶ್ವವಿದ್ಯಾಲಯ ಸಂಬಳವನ್ನು ಸುಮಾರು ಅರ್ಧಕ್ಕೆ ಇಳಿಸಿ ಉಳಿಸಿಕೊಂಡಿತು, ಅವರೂ ಒಪ್ಪಿದರು. ಮರುವರ್ಷ ನವೆಂಬರ್ 27ರಂದು ಹಿಮ ಉದುರುತ್ತಿರುವಾಗ ಒಹಾಯೊ ಸ್ಟೇಟ್ ತಂಡವನ್ನು 42–27ರಿಂದ ಸೋಲಿಸಿದಾಗ ಜನ ಬೇಲಿ ಹಾರಿ ಮೈದಾನಕ್ಕಿಳಿದರು. ಆ ಕೂಗು ನಮ್ಮ ಅಡುಗೆಮನೆಯ ಮುಚ್ಚಿದ ಕಿಟಕಿಯನ್ನೂ ದಾಟಿ ಬಂತು. ಪಕ್ಕದ ಮನೆಯ ವೃದ್ಧರು ಕೋಟನ್ನೂ ಹಾಕಿಕೊಳ್ಳದೆ ಹೊರಬಂದು, ಹಿಮದಲ್ಲಿ ನಿಂತು ಅಳುತ್ತಿದ್ದರು.

2023ರಲ್ಲಿ ತಂಡ ಆಡಿದ ಹದಿನೈದೂ ಪಂದ್ಯ ಗೆದ್ದಿತು. ಅದೇ ವರ್ಷ ನಿಯಮೋಲ್ಲಂಘನೆಯ ಎರಡು ಬೇರೆ ಬೇರೆ ಪ್ರಕರಣಗಳಲ್ಲಿ ಹಾರ್ಬಾ ಒಟ್ಟು ಆರು ಪಂದ್ಯ ಮೈದಾನದಿಂದ ದೂರ ಉಳಿಯಬೇಕಾಯಿತು. ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ಮಾಡುವ ಸಂಜ್ಞೆಗಳನ್ನು ಕದಿಯಲು ತಂಡದ ಸಿಬ್ಬಂದಿಯೊಬ್ಬ ಅವರ ಪಂದ್ಯಗಳಿಗೆ ಜನರನ್ನು ಕಳುಹಿಸಿದ್ದನೆಂಬ ಆರೋಪ ಸಣ್ಣದಲ್ಲ. ನಾನು ಅವರ ಅಭಿಮಾನಿಯಾದರೂ ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಾರೆ. ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಫೈನಲ್ ಗೆದ್ದ ಕೆಲವೇ ದಿನಗಳಲ್ಲಿ ಅವರು ಲಾಸ್ ಏಂಜಲೀಸಿನ ವೃತ್ತಿಪರ ತಂಡಕ್ಕೆ ಹೊರಟುಹೋದರು.

2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ನಡೆದ ಆ ಫೈನಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವನ್ನು 34–13ರಿಂದ ಮಣಿಸಿದ ರಾತ್ರಿ ಅವರು ಮೊದಲು ನೆನೆದದ್ದು ಮನೆಯವರನ್ನು. ಅಪ್ಪನ ಬಳಿ ರಾಷ್ಟ್ರೀಯ ಪ್ರಶಸ್ತಿಯಿತ್ತು, ಅಣ್ಣನ ಬಳಿ ಸೂಪರ್ ಬೌಲ್; ಇನ್ನು ಮೇಲೆ ತಾನೂ ಮನೆಯಲ್ಲಿ ದೊಡ್ಡವರ ಪಂಕ್ತಿಗೆ ಕೂರಬಹುದು ಎಂಬರ್ಥದ ಮಾತನ್ನು ಅರವತ್ತು ವರ್ಷದ ಮಗ ಆಡಿದರು. ಎಂಬತ್ತು ದಾಟಿದ ಜ್ಯಾಕ್ ಅಂದು ಅಲ್ಲೇ ಇದ್ದರು.