‘ನಾನೇ ಸರ್, ಆಡ್ ಬಿಟ್ಟೆ’

ಮಂಗಳವಾರದಿಂದ ಈ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ನಮ್ಮದು ನೆಟ್‌ವರ್ಕ್ ನೋಡಿಕೊಳ್ಳುವ ತಂಡ. ಅವತ್ತಿನ ಕೆಲಸ ಚಿಕ್ಕದು. ಎರಡನೇ ಮಹಡಿಗೆ ಹೊಸ ಕ್ಯಾಮೆರಾಗಳು ಬಂದಿದ್ದವು, ಅವಕ್ಕೆ ವಿಲ್ಯಾನ್ 30 ಬೇಕಿತ್ತು. ವಿಲ್ಯಾನ್ ಅಂದರೆ ಒಂದೇ ನೆಟ್‌ವರ್ಕ್‌ನೊಳಗೆ ನಂಬರ್ ಕೊಟ್ಟು ಬೇರೆ ಮಾಡಿದ ಭಾಗ. ಆ ಮಹಡಿಯ ಯಂತ್ರಗಳನ್ನೆಲ್ಲ ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ ಸಿಸ್ಕೊ ಸ್ವಿಚ್. ಅದರ ಟ್ರಂಕ್‌ನಲ್ಲಿ, ಅಂದರೆ ಹಲವು ವಿಲ್ಯಾನ್‌ಗಳು ಒಟ್ಟಿಗೆ ಸಾಗುವ ಲಿಂಕ್‌ನಲ್ಲಿ, ಆಗಲೇ 10, 20, 99 ಇದ್ದವು. ಪಟ್ಟಿಗೆ ಇನ್ನೊಂದು ಸೇರಿಸಬೇಕು, ಅಷ್ಟೆ. ತಂಡಕ್ಕೆ ಬಂದು ನಾಲ್ಕು ತಿಂಗಳಾದ ಹುಡುಗಿ ಕೂತಲ್ಲಿಂದಲೇ ಲಾಗಿನ್ ಆಗಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಹೊಡೆದಳು. 30ರ ಮುಂಚೆ ‘ಆಡ್’, ಅಂದರೆ ‘ಸೇರಿಸು’, ಇರಬೇಕಿತ್ತು. ಅದಿಲ್ಲದಿದ್ದರೆ ಹಳೆಯದೆಲ್ಲ ಹೋಗಿ 30 ಒಂದೇ ಉಳಿಯುತ್ತದೆ. ನಾವು ಸ್ವಿಚ್‌ಗೆ ಹೋಗುವ ದಾರಿಯೇ 99. ಎಂಟರ್ ಒತ್ತಿದಳು, ಕರ್ಸರ್ ಅಲ್ಲೇ ನಿಂತಿತು, ಮಹಡಿಯ ನೆಟ್‌ವರ್ಕೂ ನಿಂತಿತು.

ಒಂದಕ್ಷರ ತಪ್ಪಿದ್ದರೆ ಸ್ವಿಚ್ ಅದರ ಕೆಳಗೇ ಸಣ್ಣ ಗುರುತು ಹಾಕಿ ತೋರಿಸುತ್ತಿತ್ತು. ಕಮಾಂಡ್ ಸರಿ ಇದ್ದು ಉದ್ದೇಶ ತಪ್ಪಿದರೆ ಮಾತ್ರ ಒಂದು ಮಾತೂ ಆಡಲ್ಲ, ಸುಮ್ನೆ ಮಾಡಿಬಿಡುತ್ತದೆ.

ಎರಡು ನಿಮಿಷದಲ್ಲಿ ಮ್ಯಾನೇಜರ್ ಓಡಿ ಬಂದರು. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುವವರು. ಆದರೆ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ‘ಯಾರು ಮಾಡಿದ್ದು?’ ಏನಾಯ್ತು ಅಂತ ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ, ಅಲ್ವಾ? ನಾನು ಬಾಯಿ ತೆರೆಯುವ ಮುಂಚೆ ಅವಳೇ ಎದ್ದು ನಿಂತಳು.

‘ನಾನೇ ಸರ್. ಆಡ್ ಬಿಟ್ಟೆ.’

ಕೈ ನಡುಗುತ್ತಿತ್ತು. ಆದರೆ ದನಿ ನಡುಗಲಿಲ್ಲ.

ಆ ಮಾತಿನಿಂದ ಎಷ್ಟು ಸಮಯ ಉಳಿಯಿತು ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ಕೇಬಲ್ ನೋಡಬೇಕಿಲ್ಲ, ಪವರ್ ನೋಡಬೇಕಿಲ್ಲ. ಅವಳು ಸೇವ್ ಮಾಡಿರಲಿಲ್ಲ, ಹಾಗಾಗಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಹಳೆಯದು ವಾಪಸ್ ಬರುತ್ತಿತ್ತು. ಆದರೆ ಬೂಟ್ ಆಗುವ ತನಕ ಕಾಯಬೇಕು. ಸ್ವಿಚ್‌ಗೆ ನೇರವಾಗಿ ಚುಚ್ಚುವ ತಿಳಿನೀಲಿ ಕನ್ಸೋಲ್ ಕೇಬಲ್ ಹಿಡಿದು ಇಬ್ಬರೂ ಕೆಳಗೆ ಓಡಿದೆವು. ಲ್ಯಾಪ್‌ಟಾಪ್ ಅವಳ ಕೈಗೇ ಕೊಟ್ಟೆ. ‘ನೀನೇ ಹೊಡಿಯಮ್ಮ’ ಅಂದೆ. ವಿಲ್ಯಾನ್ ಅಂತ ಬರೆದು ಪ್ರಶ್ನಾರ್ಥಕ ಚಿಹ್ನೆ ಒತ್ತಿದಳು. ಆಡ್, ಆಲ್, ಎಕ್ಸೆಪ್ಟ್, ನನ್, ರಿಮೂವ್ ಎಂದು ಸಾಲಾಗಿ ಬಂದವು. ‘ಆಡ್’ ಮೇಲೆ ಬೆರಳಿಟ್ಟು ಒಂದು ಕ್ಷಣ ನೋಡಿದಳು. ಆಮೇಲೆ ‘ಆಡ್ 10,20,99’. ಮಹಡಿ ಮತ್ತೆ ಎದ್ದಿತು.

ಆ ಮಾತು ನನ್ನನ್ನು ಬಿಡದೆ ಇರುವುದಕ್ಕೆ ಕಾರಣ ಬೇರೆ ಇದೆ. ಮೊದಲ ಕೆಲಸದಲ್ಲಿ ನಾನೂ ಇಂಥದ್ದೇ ಮಾಡಿದ್ದೆ. ಮುಚ್ಚಬೇಕಾದ ಪೋರ್ಟ್ ಬಿಟ್ಟು ಬೇರೆ ಪೋರ್ಟ್‌ಗೆ ‘ಶಟ್‌ಡೌನ್’ ಕೊಟ್ಟಿದ್ದೆ. ‘ಯಾರು ಮಾಡಿದ್ದು’ ಅಂದಾಗ ಸುಮ್ಮನಿದ್ದೆ. ನನಗಿಂತ ದೊಡ್ಡವರಿಬ್ಬರು ರಾತ್ರಿಯೆಲ್ಲ ಫೈಬರ್ ಎಲ್ಲಿ ಕತ್ತರಿಸಿದೆ ಅಂತ ಹುಡುಕಿದರು. ಬೆಳಗ್ಗೆ ಒಬ್ಬರ ಕಣ್ಣು ಕೆಂಪಗಾಗಿತ್ತು, ನನಗೇ ಕಾಫಿ ತಂದುಕೊಟ್ಟರು. ಇವತ್ತಿಗೂ ಅವರಿಗೆ ಹೇಳಿಲ್ಲ.

ಸ್ಕೂಲಿನಲ್ಲಿ ಗಾಜು ಒಡೆದಾಗಿನಿಂದಲೇ ಒಪ್ಪಿಕೊಂಡವನಿಗೆ ಏಟು ಅಂತ ಕಲಿತು ಬಂದವರು ನಾವು. ‘ತಾನಾಗೇ ಆಯ್ತು’ ಅನ್ನುವುದು ಬಾಯಿಗೆ ಬೇಗ ಬರುತ್ತದೆ. ಈ ಹುಡುಗಿಗೆ ‘ನಾನೇ’ ಅನ್ನುವುದನ್ನು ಯಾರು ಕಲಿಸಿದರೋ. ಅವರ ಮನೆಯವರನ್ನು ಒಮ್ಮೆ ನೋಡಬೇಕು ಅನ್ನಿಸಿದೆ.

ನಿನ್ನೆ ಮೂರನೇ ಮಹಡಿಯ ಸರದಿ. ಅದನ್ನೂ ಅವಳಿಗೇ ಕೊಟ್ಟೆ. ಮ್ಯಾನೇಜರ್ ಹುಬ್ಬೇರಿಸಿದರು, ಬೇಡ ಅನ್ನಲಿಲ್ಲ. ಮೊದಲು ‘ರಿಲೋಡ್ ಇನ್ 10’ ಹಾಕಿಕೊಂಡಳು. ದಾರಿ ಮುಚ್ಚಿಹೋದರೂ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ. ಆಮೇಲೆ ಸಾಲನ್ನು ಬರೆದು, ಎಂಟರ್ ಒತ್ತುವ ಮುಂಚೆ ನನ್ನ ಕಡೆ ತಿರುಗಿ ಜೋರಾಗಿ ಓದಿದಳು. ‘ವಿಲ್ಯಾನ್, ಆಡ್, 30.’

‘ಹೊಡಿ’ ಅಂದೆ.