ಎಡಕುಮೇರಿ ದಾಟಿ ಕುಕ್ಕೆಗೆ

ಅಪ್ಪ ಹೋಗಿ ವರ್ಷ ತುಂಬಿದ ಮೇಲೆ ಒಂದು ದಿನ ಅವ್ವ ಅಟ್ಟದಿಂದ ಒಂದು ತಗಡಿನ ಡಬ್ಬ ಇಳಿಸಿದಳು. "ಇದನ್ನ ಕುಕ್ಕೆಗೆ ಮುಟ್ಟಿಸ್ಬೇಕು. ರೈಲಲ್ಲೇ ಹೋಗೋಣ" ಅಂದಳು. ಬಸ್ಸಲ್ಲಿ ಹೋದರೆ ಬೇಗ ಆಗುತ್ತೆ ಅಂತ ನಾನು ಹೇಳಲಿಲ್ಲ.

ಹಾಗಾಗಿ ಸಕಲೇಶಪುರದಲ್ಲಿ ಮಂಗಳೂರಿನ ಹಗಲು ರೈಲು ಹತ್ತಿದೆವು. ಇಲ್ಲಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್, ಅಷ್ಟರಲ್ಲೇ 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿಯುವ ದಾರಿ, ರೈಲಿಗೆ ಇದು ಭಾರೀ ಇಳಿಜಾರು. ಗಾಡಿ ಓಡುವುದಿಲ್ಲ, ತೆವಳುತ್ತದೆ.

ಅಪ್ಪ ಈ ದಾರಿಯಲ್ಲಿ ಕೀಮ್ಯಾನ್ ಆಗಿದ್ದರು. 1979ರಲ್ಲಿ ಮೀಟರ್ ಗೇಜ್ ಲೈನ್ ಶುರುವಾದಾಗ ಸೇರಿದವರು. ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರ್, ಕೆಂಪು-ಹಸಿರು ಬಾವುಟ ಹೆಗಲಿಗೇರಿಸಿ ತಮ್ಮ ಬೀಟ್ ನಡೆಯುವುದು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಹಳಿಯನ್ನು ಬಿಗಿಹಿಡಿಯುವ ಕಬ್ಬಿಣದ ಬೆಣೆ, ಅಂದರೆ ಕೀ, ಸಡಿಲವಾಗಿ ಕಂಡರೆ ಹೊಡೆದು ಕೂರಿಸುವುದು. ಹೊಡೆದಾಗ ಬರುವ ಸದ್ದಿನಲ್ಲೇ ಅದು ಗಟ್ಟಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತದಂತೆ. ಬ್ರಾಡ್‌ಗೇಜ್ ಆಗಿ ಕಾಂಕ್ರೀಟ್ ಸ್ಲೀಪರ್, ಕ್ಲಿಪ್ಪು ಬಂದ ಮೇಲೆ "ಇವು ಮಾತೇ ಆಡಲ್ಲ" ಅಂತ ಗೊಣಗುತ್ತಿದ್ದರು.

ದೋಣಿಗಾಲ್ ದಾಟಿದ ಮೇಲೆ ಸುರಂಗಗಳು ಶುರುವಾದವು. ಪ್ರತಿ ಸುರಂಗಕ್ಕೂ ಡಬ್ಬಿಯಲ್ಲಿದ್ದ ಹುಡುಗರು 'ಓ' ಅಂತ ಕೂಗುತ್ತಿದ್ದರು. ಮೊದಲೆರಡಕ್ಕೆ ಅವ್ವನಿಗೆ ನಗು. ಹತ್ತನೆಯದರ ಹೊತ್ತಿಗೆ ಕಿವಿ ಮುಚ್ಚಿಕೊಂಡಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಂದು ಸುರಂಗದೊಳಗೆ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ, ಒಬ್ಬಾತ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಟಾರ್ಚು. ನನಗೂ ಅವನಿಗೂ ನಡುವೆ ಒಂದು ಮಾರೂ ಇರಲಿಲ್ಲ. ಕಿಟಕಿಗಳ ಬೆಳಕು ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋಯಿತು. ಹುಡುಗರು ಕೂಗುತ್ತಲೇ ಇದ್ದರು. ಅಪ್ಪನೂ ಹೀಗೇ ಎಷ್ಟು ಸಾವಿರ ಗಾಡಿಗಳಿಗೆ ದಾರಿ ಬಿಟ್ಟು ನಿಂತಿದ್ದರೋ.

ಎಡಕುಮೇರಿಯಲ್ಲಿ ಕ್ರಾಸಿಂಗಿಗೆ ಅಂತ ಗಾಡಿ ನಿಂತಿತು. ಸುತ್ತ ಕಾಡು. ಅವ್ವ ಕಿಟಕಿಗೆ ಮುಖ ಹಚ್ಚಿ ಕೂತಳು. 1996ರಲ್ಲಿ ಗೇಜ್ ಬದಲಿಸಲು ಲೈನ್ ಮುಚ್ಚುವವರೆಗೆ, ಹದಿನೇಳು ವರ್ಷ, ಇಲ್ಲಿಗೇ ಅವಳು ಗಾರ್ಡ್ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು. ವಾರಕ್ಕೊಮ್ಮೆ ಮನೆಗೆ ಬರುವ ಅಪ್ಪನ ಕಾಲಲ್ಲಿ ಉಂಬಳ ಕಚ್ಚಿದ ಗುರುತು ಇರುತ್ತಿದ್ದವು. "ಈ ವಾರ ಏನಾಯ್ತು?" ಅಂತ ನಾವು ಕೇಳಿದರೆ "ಏನೂ ಆಗಿಲ್ಲ" ಅನ್ನುತ್ತಿದ್ದರು. ಹಾಗೆ ಹೇಳುವಾಗಲೇ ಅವರ ಮುಖ ಜಾಸ್ತಿ ಗೆಲುವಾಗಿರುತ್ತಿತ್ತು.

"ಇಷ್ಟೇನಾ?" ಅಂದಳು ಅವ್ವ, ಪ್ಲಾಟ್‌ಫಾರ್ಮ್ ನೋಡಿ. "ನಾನು ಊರು ಅಂದ್ಕಂಡಿದ್ದೆ."

ಮುಂದೆ ಸಿರಿಬಾಗಿಲು. ಅದಾದ ಮೇಲೆ ಬಿಸಿಲು, ಸೆಕೆ, ಅಡಿಕೆ ತೋಟ. ನೆಟ್ಟಣದಲ್ಲಿ ಇಳಿದೆವು. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ಇಲ್ಲೇ. ಜೀಪಿನವನು ಇಬ್ಬರಿಗೆ ಹೇಳಿದ ರೇಟು ಕೇಳಿ ಅವ್ವ ಬಸ್ಸಿಗೆ ಕಾಯೋಣ ಅಂದಳು. ಕಾದೆವು.

ಅಪ್ಪನದು ಸದ್ದಿಲ್ಲದ ಭಕ್ತಿ. ಯೂನಿಫಾರ್ಮಿನ ಜೇಬಲ್ಲಿ ಕುಕ್ಕೆಯ ಮೃತ್ತಿಕೆ ಪ್ರಸಾದದ ಪೊಟ್ಟಣ ಸದಾ ಇರುತ್ತಿತ್ತು, ಹುತ್ತದ ಮಣ್ಣು. ಮಳೆಯಲ್ಲಿ ನೆನೆದು ಎಷ್ಟೋ ಸಲ ಜೇಬೇ ಕೆಸರಾಗುತ್ತಿತ್ತು. ಹಳಿ ಮೇಲೆ ಹಾವು ಬಿದ್ದಿದ್ದರೆ ಅದು ಸರಿದು ಹೋಗುವ ತನಕ ನಿಲ್ಲುತ್ತಿದ್ದರು. ಆದರೆ ಇಷ್ಟು ಹತ್ತಿರ ಇದ್ದೂ ಚಂಪಾ ಷಷ್ಠಿಯ ತೇರು ನೋಡಿದ್ದು ಎರಡೇ ಸಲ. ರಜೆ ಸಿಗುತ್ತಿರಲಿಲ್ಲ. ಬೆತ್ತದಲ್ಲಿ ಹೆಣೆದ ಆ ತೇರನ್ನು ಮಲೆಕುಡಿಯರು ಕಟ್ಟುವುದನ್ನು ಮಾತ್ರ ಬಾಯಿತುಂಬ ಬಣ್ಣಿಸುತ್ತಿದ್ದರು. ಕಟ್ಟು ಬಿಗಿ ಇದೆಯೋ ಇಲ್ಲವೋ ನೋಡುವುದು ಅವರ ಚಾಳಿ, ತೇರಾದರೂ ಅಷ್ಟೇ.

ಕುಮಾರಧಾರೆಯಲ್ಲಿ ಕಾಲು ತೊಳೆದು ದೇವಸ್ಥಾನಕ್ಕೆ ಬಂದೆವು. ಹುಂಡಿ ಮುಂದೆ ಅವ್ವ ಡಬ್ಬ ತೆಗೆದಳು. ಅಪಾಯ ಇದ್ದಾಗ ಹಳಿ ಮೇಲೆ ಇಟ್ಟು ಗಾಡಿ ನಿಲ್ಲಿಸುವ ಪಟಾಕಿಯ ಹಳೇ ಡಬ್ಬ ಅದು. ಒಳಗೆ ಚಿಲ್ಲರೆ. ಪ್ರತಿ ಮಳೆಗಾಲ ಮುಗಿದಾಗ, ಗುಡ್ಡ ಜರಿದು ಯಾರ ಜೀವಕ್ಕೂ ಏನೂ ಆಗಿಲ್ಲ ಅಂತ, ಅಪ್ಪ ಒಂದು ನಾಣ್ಯ ಹಾಕುತ್ತಿದ್ದರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಘೇಂಡಾಮೃಗದ ಚಿತ್ರದ ನಾಲ್ಕಾಣೆ ಇತ್ತು, ಎಂಟಾಣೆ ಇತ್ತು. ಲೈನ್ ಮುಚ್ಚಿ ಅರಸೀಕೆರೆಗೆ ಹಾಕಿದ್ದ ವರ್ಷಗಳಲ್ಲೂ ಬಿಟ್ಟಿರಲಿಲ್ಲ, ಅಲ್ಲಿ ಜರಿಯಲು ಗುಡ್ಡ ಇಲ್ಲದಿದ್ದರೂ. 2012ರ ಕೊನೆಗೆ ರಿಟೈರ್ ಆಗುವವರೆಗೆ 34. ಜೊತೆಗೆ ಒಂದು ಹತ್ತು ರೂಪಾಯಿ.

"ಇದು?"

"ಅವತ್ತು ಟೀವೀಲಿ ತೋರಿಸ್ತಿದ್ರಲ್ಲ, ಲೈನ್ ಮೇಲೆ ಗುಡ್ಡ ಕುಸಿದಿದ್ದು."

2018. ಮನೆಯಲ್ಲಿ ಸುಮ್ನೆ ಕೂತಿದ್ದ ಮನುಷ್ಯ ಅವತ್ತು ರಾತ್ರಿ ಊಟ ಮಾಡಿರಲಿಲ್ಲ.

ಅವ್ವ ಒಟ್ಟಿಗೆ ಸುರಿಯಲಿಲ್ಲ. ಒಂದೊಂದಾಗಿ ಹಾಕತೊಡಗಿದಳು. ಹಿಂದೆ ಸಾಲು ಬೆಳೆಯಿತು. ಚಲಾವಣೆಯಲ್ಲಿಲ್ಲದ ಕಾಸು ಯಾಕೆ ಅಂತ ಯಾರೋ ಅಂದರು, ಬೇಗ ಆಗ್ಲಿ ಅಮ್ಮ ಅಂತ ಇನ್ಯಾರೋ. ಅವ್ವ ತಿರುಗಿ ನೋಡಲಿಲ್ಲ.

"ಹನ್ನೊಂದು" ಅಂದಳು ನನಗೆ. "ಲೆಕ್ಕ ಇಟ್ಕ."